ದೂರಕ್ಕೆ ಬೇಕಾದ್ದು ದಪ್ಪ ಗುಂಡಲ್ಲ

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಹುನಗುಂದ ಸೀಮೆಯ ಲೈಸೆನ್ಸುದಾರರು ಬಂದೂಕು ಹೊತ್ತು ಠಾಣೆಯ ಅಂಗಳಕ್ಕೆ ಬರುತ್ತಾರೆ. ಮತ ಎಣಿಕೆ ಮುಗಿಯುವ ತನಕ ಅವು ಸರಕಾರದ ವಶ. ಹಳೆಯ ಧೋತರದಲ್ಲಿ ಸುತ್ತಿದ ಜೋಡುನಳಿಗೆ, ಕ್ಯಾನ್ವಾಸ್ ಚೀಲದೊಳಗಿನ .315, ಅಜ್ಜನಿಂದ ಮೊಮ್ಮಗನಿಗೆ ಬಂದು ಹತ್ತು ವರ್ಷದಿಂದ ಒಂದು ಈಡನ್ನೂ ಹಾರಿಸದ ಒಂಟಿನಳಿಗೆ. ರಸೀದಿ ಬರೆಯುವವರು ಒಬ್ಬರೇ, ಸಾಲು ಉದ್ದ, ಬೇವಿನ ನೆರಳು ಇಷ್ಟೇ. ಹೀಗಾಗಿ ಮಾತು ಬೆಳೆಯುತ್ತದೆ. ಕಳೆದ ಸಲ ನನ್ನ ಮುಂದೆ ನಿಂತಿದ್ದವನು ಇಳಕಲ್ಲಿನ ಒಬ್ಬ ಹುಡುಗ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ .22 ಹಾರಿಸಿ ಕೈ ಪಳಗಿಸಿಕೊಂಡವನು. ಈಗ ಮುನ್ನೂರು ಗಜ, ಆಮೇಲೆ ಐನೂರು ಗಜದ ಗುರಿಪಂದ್ಯಕ್ಕೆ ಇಳಿಯುವ ಆಸೆ. ಯಾವ ಬೋರಿನ ರೈಫಲ್ ತಗೊಳ್ಳಲಿ ಎಂದು ಸಾಲಿನಲ್ಲಿದ್ದ ಹಿರಿಯರನ್ನು ಕೇಳಿದ.

ಉತ್ತರ ಒಂದೇ ಉಸಿರಿಗೆ ಬಂತು. “ದೂರ ಹೊಡೀಬೇಕಂದ್ರ ದೊಡ್ಡ ಬೋರ್ ತಗೋ ತಮ್ಮಾ. ದಪ್ಪ ಗುಂಡು ದೂರ ಹೋಗತೈತಿ.” ಸಾಲಿನಲ್ಲಿದ್ದ ತಲೆಗಳೆಲ್ಲ ಹೌದೆಂದು ಆಡಿದವು.

ಈ ಮಾತನ್ನು ನಾನು ನಲವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ನಿವೃತ್ತ ಫೌಜಿಗಳ ಬಾಯಲ್ಲಿ ಕೇಳಿದ್ದೇನೆ, ಮದ್ದುಗುಂಡಿನ ಅಂಗಡಿಯ ಕಟ್ಟೆಯ ಮೇಲೆ ಕೇಳಿದ್ದೇನೆ, ಸೇನೆಗೆ ಹೊಸ ರೈಫಲ್ ಬಂದಾಗಲೆಲ್ಲ ಟಿವಿಯ ಚರ್ಚೆಯಲ್ಲೂ ಕೇಳಿದ್ದೇನೆ. ಇದು ತಪ್ಪು. ಎಲ್ಲೋ ತುಸು ವಾರೆಯಾದ ಸತ್ಯ ಎಂದು ಬಿಟ್ಟುಬಿಡುವಂಥ ತಪ್ಪೂ ಅಲ್ಲ. ಹುಡುಗರ ಹಣ ಹಾಳುಮಾಡುವ, ಭುಜ ಕೆಡಿಸುವ, ಗುರಿ ಕೆಡಿಸುವ, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಜೀವಕ್ಕೆ ಕುತ್ತು ತರಬಲ್ಲ ತಪ್ಪು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ ಸಾಲಿನಲ್ಲಿದ್ದವರ ಕೈಯಲ್ಲೇ ಇದ್ದ ಸಾಕ್ಷಿಯನ್ನು ನೋಡಿ. ಅವರಲ್ಲಿ ಮುಕ್ಕಾಲು ಪಾಲು ಜನರ ಹತ್ತಿರ ಇದ್ದದ್ದು 12 ಬೋರ್. ಅದರ ನಳಿಗೆಯ ಒಳಗಲ 18.5 ಮಿಲಿಮೀಟರ್. ಪಕ್ಕದ .315 ರೈಫಲಿನದು 8 ಮಿಲಿಮೀಟರ್. ದಪ್ಪವೇ ದೂರವಾಗಿದ್ದರೆ ಜೋಡುನಳಿಗೆ ಆ ರೈಫಲನ್ನು ಎರಡು ಪಟ್ಟು ಮೀರಿಸಬೇಕಿತ್ತು. ಚರೆ ತುಂಬಿದ 12 ಬೋರ್ ನಲವತ್ತು ಐವತ್ತು ಗಜ ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ, ಒಂಟಿ ಗುಂಡು ಹಾಕಿದರೂ ನೂರು ಗಜದ ಆಚೆ ನಂಬುವಂತಿಲ್ಲ. ಇದು ಅವರಿಗೆಲ್ಲ ಗೊತ್ತು. ಗೊತ್ತಿದ್ದೂ ತಲೆಯಾಡಿಸಿದರು. ಕಣ್ಣ ಮುಂದಿನದಕ್ಕಿಂತ ಕಿವಿಗೆ ಬಿದ್ದ ಮಾತನ್ನೇ ಹೆಚ್ಚು ನಂಬುವ ರೂಢಿ ಇದು.

ಬೋರಿನ ಅಂಕಿಯೇ ಜನರನ್ನು ದಾರಿ ತಪ್ಪಿಸುತ್ತದೆ. ಇಳಕಲ್ಲಿನ ಆ ಹುಡುಗನಿಗೆ ನಾನು ಅವನ ಮನೆಯ ಮಗ್ಗವನ್ನೇ ನೆನಪಿಸಿದೆ. ಎಂಬತ್ತನೇ ನಂಬರಿನ ನೂಲು ನಲವತ್ತನೇ ನಂಬರಿನದಕ್ಕಿಂತ ಸಣ್ಣದು, ನೇಕಾರರ ಮನೆಯ ಕೂಸಿಗೂ ಇದು ಗೊತ್ತು. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದೇ ನೂಲಿನ ನಂಬರು. ಲಡಿ ಹೆಚ್ಚಾದಷ್ಟೂ ಎಳೆ ತೆಳ್ಳಗೆ. ಚರೆ ಬಂದೂಕಿನ ಬೋರ್ ಕೂಡ ಇದೇ ಲೆಕ್ಕ: ಒಂದು ಪೌಂಡು ಸೀಸವನ್ನು ಸಮನಾಗಿ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಕೂರುವಷ್ಟು ಅಗಲದ ನಳಿಗೆ 12 ಬೋರ್. ಇಪ್ಪತ್ತು ಉಂಡೆ ಮಾಡಿದರೆ 20 ಬೋರ್, ಅದು ಕಿರಿದು. ರೈಫಲಿಗೆ ಬಂದರೆ ಲೆಕ್ಕವೇ ಬೇರೆ, ಇಂಚಿನ ನೂರರ ಇಲ್ಲವೇ ಸಾವಿರದ ಭಾಗದಲ್ಲೋ ಮಿಲಿಮೀಟರಿನಲ್ಲೋ ನಳಿಗೆಯ ಅಗಲ ಹೇಳುತ್ತಾರೆ. .30-06 ಎಂಬ ಹೆಸರಿನಲ್ಲಿರುವ 06 ಅಳತೆಯೇ ಅಲ್ಲ, 1906ನೇ ಇಸವಿ. ಹೀಗೆ ಒಂದೊಂದು ಅಂಕಿ ಒಂದೊಂದು ಸಂಗತಿ ಹೇಳುತ್ತಿರುವಾಗ ಅಂಕಿ ದೊಡ್ಡದೋ ಚಿಕ್ಕದೋ ನೋಡಿ ದೂರ ಅಳೆಯುವುದು ಸೀರೆಯ ಬೆಲೆಯನ್ನು ಗಂಟಿನ ಗಾತ್ರ ನೋಡಿ ಕಟ್ಟಿದ ಹಾಗೆ.

ಇನ್ನು ಗುಂಡು ನಳಿಗೆ ಬಿಟ್ಟಮೇಲೆ ಏನಾಗುತ್ತದೆ ನೋಡೋಣ. ಭೂಮಿ ಎಲ್ಲ ಗುಂಡುಗಳನ್ನೂ ಒಂದೇ ರೀತಿ ಎಳೆಯುತ್ತದೆ. ದಪ್ಪ, ಸಣ್ಣ, ಹಗುರ, ಭಾರ ಎಂಬ ಭೇದ ಅದಕ್ಕಿಲ್ಲ. ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದೊಂದೇ ಅದಕ್ಕೆ ಲೆಕ್ಕ. ಮುನ್ನೂರು ಮೀಟರನ್ನು ಒಂದು ಗುಂಡು ಸೆಕೆಂಡಿಗೆ ಸರಾಸರಿ 750 ಮೀಟರ್ ವೇಗದಲ್ಲಿ ದಾಟಿದರೆ ಅದಕ್ಕೆ ಹಿಡಿಯುವ ಹೊತ್ತು 0.4 ಸೆಕೆಂಡ್. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಸುಮಾರು 78 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಇನ್ನೊಂದು ಗುಂಡು ಅದೇ ದೂರವನ್ನು ಸರಾಸರಿ 550 ಮೀಟರ್ ವೇಗದಲ್ಲಿ ದಾಟಿದರೆ ಇಳಿತ ಸುಮಾರು 146 ಸೆಂಟಿಮೀಟರ್, ಅಂದರೆ ಹೆಚ್ಚೂಕಡಿಮೆ ಎರಡು ಪಟ್ಟು. ಈ ಲೆಕ್ಕ ಮಾಡುವಾಗ ಬೋರ್ ಎಷ್ಟೆಂದು ನಾನು ಎಲ್ಲೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ದೂರದ ಗುರಿಯ ಪ್ರಶ್ನೆಯೆಲ್ಲ ಕೊನೆಗೆ ನಿಲ್ಲುವುದು ಇಲ್ಲೇ: ನಳಿಗೆಯಲ್ಲಿ ಸಿಕ್ಕ ವೇಗವನ್ನು ಗುಂಡು ಎಷ್ಟು ದೂರದ ತನಕ ಉಳಿಸಿಕೊಳ್ಳುತ್ತದೆ?

ವೇಗ ತಿನ್ನುವುದು ಗಾಳಿ. ಗಾಳಿಯನ್ನು ಸೀಳಿ ಹೋಗಲು ಮುಂದಿನ ಮುಖ ಕಿರಿದಾಗಿರಬೇಕು, ಹಿಂದೆ ತೂಕ ಇರಬೇಕು, ಮೂತಿ ಚೂಪಾಗಿರಬೇಕು. ಅಂದರೆ ಗುಂಡು ತನ್ನ ಅಗಲಕ್ಕೆ ಹೋಲಿಸಿದರೆ ಉದ್ದವಾಗಿರಬೇಕು. ಕವಣಿ ಬೀಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಿಳಿಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದ ನಾವು ಮಲಪ್ರಭೆಯ ದಂಡೆಯಿಂದ ಕಲ್ಲು ಆರಿಸಿ ತರುತ್ತಿದ್ದೆವು. ಮುಷ್ಟಿಯಷ್ಟು ದಪ್ಪ ಕಲ್ಲನ್ನು ಯಾರೂ ಆರಿಸುತ್ತಿರಲಿಲ್ಲ, ಅದು ಕವಣಿಯಿಂದ ಹೊರಬಿದ್ದು ಪಕ್ಕದ ಒಡ್ಡಿನಲ್ಲೇ ಬೀಳುತ್ತಿತ್ತು. ಕಡಲೆಕಾಳಿನಷ್ಟು ಸಣ್ಣದನ್ನೂ ಆರಿಸುತ್ತಿರಲಿಲ್ಲ. ಹುಣಸೆಬೀಜದ ನುಣುಪಿನ, ಕೈಗೆ ತೂಕ ಹತ್ತುವ, ನಮ್ಮ ತೋಳು ಪೂರ್ಣ ವೇಗದಲ್ಲಿ ಬೀಸಬಲ್ಲ ಕಲ್ಲು ಹುಡುಕುತ್ತಿದ್ದೆವು. ಎಂಟು ವರ್ಷದ ಹುಡುಗನಿಗೆ ತಿಳಿದಿದ್ದ ಆ ವಿವೇಕ ಲೈಸೆನ್ಸು ಕೈಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೋ!

ಎದುರುವಾದಿಗಳ ಪರವಾಗಿ ಇರುವ ಒಂದು ಮಾತನ್ನು ನಾನೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ಒಂದೇ ಆಕಾರದ ಎರಡು ಗುಂಡುಗಳಲ್ಲಿ ಒಂದು ಎಲ್ಲ ಅಳತೆಯಲ್ಲೂ ಇನ್ನೊಂದರ ಎರಡರಷ್ಟಿದ್ದರೆ ಅದರ ಮುಖ ನಾಲ್ಕು ಪಟ್ಟು ದೊಡ್ಡದಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಅಷ್ಟೇ ವೇಗದಲ್ಲಿ ಹಾರಿಸಿದರೆ ದೊಡ್ಡದು ವೇಗವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಇದು ನಿಜ. .338 ಲಾಪುವಾ ಮ್ಯಾಗ್ನಮ್ ಸಾವಿರ ಮೀಟರಿನ ಆಚೆಗೂ ನಂಬಿಕೆ ಉಳಿಸಿಕೊಳ್ಳುವುದು ಇದರಿಂದಲೇ. ಆದರೆ “ಅಷ್ಟೇ ವೇಗದಲ್ಲಿ” ಎಂಬ ಷರತ್ತನ್ನು ನೋಡಿ. ಎಂಟು ಪಟ್ಟು ತೂಕವನ್ನು ಅಷ್ಟೇ ವೇಗಕ್ಕೆ ತಳ್ಳಲು ಎಂಟು ಪಟ್ಟು ಮದ್ದು ಬೇಕು, ಆ ಒತ್ತಡ ತಡೆಯುವ ಕಬ್ಬಿಣ ಬೇಕು, ಆ ಒದೆತ ತಡೆಯುವ ಭುಜ ಬೇಕು. ಭುಜ ಎಲ್ಲರಿಗೂ ಇರುವುದು ಒಂದೇ ಅಳತೆಯದು. ಮನುಷ್ಯ ಹೆಗಲಿಗೆ ಕೊಟ್ಟು ಹಾರಿಸುವ ರೈಫಲಿನಲ್ಲಿ ಮದ್ದಿಗೆ ಮಿತಿ ಇದೆ. ಆ ಮಿತಿಯೊಳಗೆ ಬೋರನ್ನು ಹಿಗ್ಗಿಸಿದರೆ ಸಿಗುವುದು ನಿಧಾನದ, ಮೊಂಡು ಗುಂಡು.

ನಮ್ಮ ಜಿಲ್ಲೆ 1997ರ ತನಕ ವಿಜಯಪುರಕ್ಕೇ ಸೇರಿತ್ತು, ಅಲ್ಲಿನ ಮಲಿಕ್-ಎ-ಮೈದಾನ್ ತೋಪನ್ನು ಶಾಲಾ ಪ್ರವಾಸದಲ್ಲಿ ನೋಡದವರು ಇಲ್ಲ. 1549ರಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ಕಂಚಿನ ರಾಕ್ಷಸ. ಉದ್ದ ನಾಲ್ಕೂವರೆ ಮೀಟರ್ ಹತ್ತಿರ, ಬಾಯಿಯ ಒಳಗಲ ಸುಮಾರು 70 ಸೆಂಟಿಮೀಟರ್, ಮನುಷ್ಯ ಒಳಗೆ ಕೂರಬಹುದು. ದಪ್ಪ ಗುಂಡಿನ ಭಕ್ತಿ ನಮ್ಮ ಕಡೆ ಹುಟ್ಟಿದ್ದು ಈ ತೋಪಿನ ಮುಂದೆಯೇ ಇರಬೇಕೆಂದು ನನಗೆ ಅನಿಸುತ್ತದೆ. ಆದರೆ ಅಲ್ಲಿಂದ ಕೂಗಳತೆಯಲ್ಲಿರುವ ಉಪ್ಪಲಿ ಬುರುಜನ್ನು ಹತ್ತಿ ನೋಡಿ. ಅದರ ನೆತ್ತಿಯ ಮೇಲೆ ಒಂಬತ್ತು ಮೀಟರಿಗೂ ಉದ್ದದ ತೋಪು ಮಲಗಿದೆ, ಬಾಯಿಯ ಅಗಲ ಒಂದು ಅಡಿ. ಸೀಮೆಯ ಅಷ್ಟು ದೂರ ಕಾಣುವ ಎತ್ತರದ ಬುರುಜು ಕಟ್ಟಿದವರು ಅದರ ಮೇಲೆ ಏರಿಸಿದ್ದು ಈ ಸಪೂರ ಉದ್ದನೆಯ ತೋಪನ್ನು. ಆ ಕಾಲದ ಗೋಲಂದಾಜರಿಗೆ ದೂರದ ಲೆಕ್ಕ ನಮ್ಮ ಠಾಣೆಯ ಸಾಲಿನವರಿಗಿಂತ ಚೆನ್ನಾಗಿ ಗೊತ್ತಿತ್ತು.

ಅಗಲ ಬಾಯಿಯ ತೋಪು ಯಾವುದಕ್ಕೆ ಒದಗಿತು? ಅದಕ್ಕೂ ಉತ್ತರ ನಮ್ಮ ಹುನಗುಂದ ಸೀಮೆಯಲ್ಲೇ ಇದೆ. 1565ರ ಜನವರಿ 23ರ ಕದನವನ್ನು ತಾಳಿಕೋಟೆಯ ಹೆಸರಿನಿಂದ ಕರೆದರೂ ರಕ್ಕಸಗಿ-ತಂಗಡಗಿ ಎಂಬ ಹೆಸರಿನಲ್ಲಿರುವ ರಕ್ಕಸಗಿ ಕೃಷ್ಣೆಯ ಈ ದಂಡೆಯ ನಮ್ಮ ಊರು. ಅಹಮದನಗರದ ತೋಪುಖಾನೆಯ ಮುಖ್ಯಸ್ಥ ರೂಮಿ ಖಾನ್ ವಿಜಯನಗರದ ಸೈನ್ಯ ತೀರ ಹತ್ತಿರ ಬರುವ ತನಕ ಕಾದು, ತೋಪುಗಳಲ್ಲಿ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಮುಖಾಮುಖಿ ಹಾರಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಹತ್ತಿರದ ಗುಂಪನ್ನು ಒಮ್ಮೆಲೆ ಕೆಡವುವುದು ಅಗಲ ಬಾಯಿಯ ಕೆಲಸ. ಇಂದಿನ 12 ಬೋರ್ ಚರೆ ಬಂದೂಕು ಆ ವಂಶದ್ದೇ. ಅದನ್ನು ಹೀಗಳೆಯುತ್ತಿಲ್ಲ, ಅದರ ಜಾಗ ಯಾವುದೆಂದು ಹೇಳುತ್ತಿದ್ದೇನೆ.

“ಹಲಗಲಿ ಬ್ಯಾಡರ ಕಡೆ ದೊಡ್ಡ ಬಂದೂಕು ಇದ್ದಿದ್ರ ಇತಿಹಾಸನೇ ಬ್ಯಾರೆ ಆಗ್ತಿತ್ತು” ಎಂಬ ಮಾತೂ ಆ ದಿನ ಸಾಲಿನಲ್ಲಿ ಬಂತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು. 1857ರ ನಿಶ್ಶಸ್ತ್ರೀಕರಣದ ಕಾಯ್ದೆಗೆ ಮಣಿಯದೆ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ನಿಂತರು. ನವೆಂಬರ್ ಕೊನೆಯಲ್ಲಿ ಕುಂಪಣಿಯ ದಂಡು ಊರನ್ನು ಸುತ್ತುವರಿದು ಮನೆಗಳಿಗೆ ಬೆಂಕಿ ಇಟ್ಟಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿತು. ಜಡಗ, ಬಾಲರ ಹೆಸರು ಲಾವಣಿಯಲ್ಲಿ ಇಂದಿಗೂ ಉಳಿದಿದೆ, ಆ ಲಾವಣಿಯನ್ನು ಸಂಗ್ರಹಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಸುತ್ತ ದಂಡು, ಮನೆಯ ಮೇಲೆ ಬೆಂಕಿ. ಇಂಥ ಸೋಲನ್ನು ನಳಿಗೆಯ ಅಗಲದಿಂದ ಅಳೆಯುವುದು ಆ ಜನರ ಧೈರ್ಯಕ್ಕೂ ಅವರ ಮೇಲೆ ನಡೆದ ಕ್ರೌರ್ಯಕ್ಕೂ ಅನ್ಯಾಯ.

ಬೋರಿನ ಮಾತೇ ಬೇಕಿದ್ದರೆ ಅದೇ 1857ರಲ್ಲಿ ಇಂಗ್ಲೆಂಡಿನ ಹೈಥ್ ಎಂಬಲ್ಲಿ ನಡೆದ ಪರೀಕ್ಷೆಯನ್ನು ನೋಡಬೇಕು. ಅಲ್ಲಿ ಸೇನೆಯ ಎನ್‌ಫೀಲ್ಡ್ ರೈಫಲನ್ನು ಜೋಸೆಫ್ ವಿಟ್‌ವರ್ತ್ ಮಾಡಿದ ರೈಫಲಿನ ಎದುರು ನಿಲ್ಲಿಸಿದರು. ಎನ್‌ಫೀಲ್ಡಿನ ಬೋರ್ .577, ವಿಟ್‌ವರ್ತ್‌ನದು .451. ಗುಂಡಿನ ತೂಕ ಎರಡರದ್ದೂ 530 ಗ್ರೇನ್. ಒಂದೇ ತೂಕದ ಸೀಸವನ್ನು ವಿಟ್‌ವರ್ತ್ ತೆಳ್ಳಗೆ ಉದ್ದಕ್ಕೆ ಎಳೆದಿದ್ದ, ಅದನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯೊಳಗಿನ ಸುರುಳಿಯನ್ನು ಬಿಗಿ ಮಾಡಿದ್ದ. ಐನೂರು ಗಜದಲ್ಲಿ ಎನ್‌ಫೀಲ್ಡ್ ಗುಂಡುಗಳ ಸರಾಸರಿ ಚೆದುರು ಎರಡು ಅಡಿಗೂ ಮೇಲಿತ್ತು, ವಿಟ್‌ವರ್ತ್‌ನದು ನಾಲ್ಕೂವರೆ ಇಂಚಿನ ಆಸುಪಾಸು. ಬೋರ್ ಕಿರಿದಾಯಿತು, ದೂರ ಹಿಗ್ಗಿತು. ನಳಿಗೆಯಲ್ಲಿ ಮಸಿ ಕಟ್ಟುತ್ತದೆ, ಬೆಲೆ ಜಾಸ್ತಿ ಎಂದು ಸೇನೆ ಅದನ್ನು ಒಪ್ಪಿಕೊಳ್ಳಲಿಲ್ಲ, ಆದರೆ ಪಾಠವನ್ನು ಮರೆಯಲಿಲ್ಲ. ಬ್ರೌನ್ ಬೆಸ್ ಕಾಲದಲ್ಲಿ .75 ಇದ್ದ ಬೋರ್ .577ಕ್ಕೆ ಬಂದಿತ್ತು. 1871ರ ಮಾರ್ಟಿನಿ-ಹೆನ್ರಿಯಲ್ಲಿ .450 ಆಯಿತು, 1888ರ ಲೀ-ಮೆಟ್‌ಫರ್ಡಿನಲ್ಲಿ .303 ಆಯಿತು. ಅರ್ಧ ಶತಮಾನದಲ್ಲಿ ಬೋರ್ ಅರ್ಧಕ್ಕಿಂತ ಕೆಳಗಿಳಿಯಿತು, ಪ್ರತಿ ಇಳಿತಕ್ಕೂ ಗುರಿಯ ದೂರ ಏರಿತು. ದಪ್ಪ ಗುಂಡಿನ ವಾದಿಗಳು ಈ ಏಣಿಯನ್ನು ತಲೆಕೆಳಗಾಗಿ ಹತ್ತುತ್ತಿದ್ದಾರೆ.

ಇನ್ನೂ ನೇರವಾದ ಸಾಕ್ಷಿ 1906 ಮತ್ತು 1910ರದ್ದು. ಅಮೆರಿಕದ ಸೇನೆ 1903ರಲ್ಲಿ ತಂದ .30 ಬೋರಿನ ಕಾಡತೂಸಿಗೆ 220 ಗ್ರೇನಿನ ಮೊಂಡುಮೂತಿಯ ಗುಂಡಿತ್ತು. ಮೂರೇ ವರ್ಷದಲ್ಲಿ ಅದನ್ನು ತೆಗೆದು 150 ಗ್ರೇನಿನ ಚೂಪುಮೂತಿಯ ಗುಂಡು ಕೂರಿಸಿದರು, ಅದೇ .30-06. ಬ್ರಿಟಿಷರು 1910ರಲ್ಲಿ .303ಯ 215 ಗ್ರೇನಿನ ಮೊಂಡು ಗುಂಡನ್ನು ಬಿಟ್ಟು 174 ಗ್ರೇನಿನ ಚೂಪು ಗುಂಡಿಗೆ ಬಂದರು. ಬೋರ್ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಗುಂಡು ಹಗುರಾಯಿತು, ಮೂತಿ ಚೂಪಾಯಿತು, ವೇಗ ಏರಿತು, ಗುಂಡಿನ ದಾರಿ ನೇರವಾಯಿತು. ಬೋರ್ ಬದಲಾಗದೆ ದೂರ ಬದಲಾಗಬಹುದಾದರೆ ದೂರದ ಒಡೆತನ ಬೋರಿನದಲ್ಲ ಎಂಬುದಕ್ಕೆ ಇನ್ಯಾವ ಪುರಾವೆ ಬೇಕು?

ಈಗ ನಮ್ಮ ಕೈಯಲ್ಲಿರುವ .315ಕ್ಕೆ ಬರೋಣ. ಇದನ್ನು ಈ ಭಾಗದಲ್ಲಿ “ದೊಡ್ಡ ರೈಫಲ್” ಎಂದೇ ಕರೆಯುತ್ತಾರೆ. ಇದರ ಮೂಲ ಹತ್ತೊಂಬತ್ತನೇ ಶತಮಾನದ ಆಸ್ಟ್ರಿಯಾದ ಮನ್‌ಲಿಚರ್ ಕಾಡತೂಸು. ಸುಮಾರು 244 ಗ್ರೇನಿನ ಮೊಂಡುಮೂತಿಯ ಗುಂಡು, ಸಾಧಾರಣ ವೇಗ. ಭಾರತದಲ್ಲಿ ಇದು ಹರಡಿದ್ದು ದೂರ ಹೋಗುತ್ತದೆಂದು ಅಲ್ಲ. ಸೇನೆಯ .303 ಕಾಡತೂಸು ಸಾಮಾನ್ಯ ಜನರ ಕೈಯಲ್ಲಿ ಇರಬಾರದೆಂದು ಬ್ರಿಟಿಷ್ ಸರಕಾರ ತಡೆಹಾಕಿತು, ಆ ತಡೆಯನ್ನು ಬಳಸಿಕೊಂಡು ಹೋಗಲು .315 ಬಂತು. .303 ಇಂದಿಗೂ ನಿಷೇಧಿತ ಬೋರ್. ಹಲಗಲಿಯವರಿಂದ ಆಯುಧ ಕಸಿದ ಭಯವೇ 1878ರ ಶಸ್ತ್ರ ಕಾಯ್ದೆಯಾಯಿತು, ಅದರ ನೆರಳಿನಲ್ಲೇ ನಮ್ಮ ಅಜ್ಜಂದಿರ ರೈಫಲಿನ ಬೋರ್ ನಿಗದಿಯಾಯಿತು. ಕಾಯ್ದೆ ಗೊತ್ತುಮಾಡಿದ ಅಳತೆಯನ್ನು ಗುರಿಗಾರರು ಆರಿಸಿದ ಅಳತೆ ಎಂದು ಭ್ರಮಿಸಿ, ಅದಕ್ಕಿಂತ ದಪ್ಪದ್ದು ಇನ್ನೂ ದೂರ ಹೋದೀತು ಎಂದು ಲೆಕ್ಕ ಹಾಕುವುದು ಎಷ್ಟು ಸರಿ? ನೂರೈವತ್ತು ಗಜದ ಒಳಗೆ .315 ಒಳ್ಳೆಯ ರೈಫಲ್, ನಾನು ಹಾರಿಸಿದ್ದೇನೆ. ಮುನ್ನೂರು ಗಜದಲ್ಲಿ ಅದರ ಗುಂಡು ಕಾಮನಬಿಲ್ಲಿನಂತೆ ಬಾಗಿ ಬರುತ್ತದೆ. ಅದಕ್ಕಿಂತ ಕೂದಲೆಳೆ ಸಣ್ಣದಾದ .30-06 ಅದೇ ದೂರದಲ್ಲಿ ಎಷ್ಟೋ ನೇರ. ನಮ್ಮ ಆರ್ಡ್‌ನನ್ಸ್ ಕಾರ್ಖಾನೆಗಳೇ ಎರಡನ್ನೂ ಮಾಡುತ್ತವೆ, ಒಂದೇ ದಿನ ಎರಡನ್ನೂ ಹಾರಿಸಿ ನೋಡಿದವರು ಯಾರೂ ನನ್ನೊಡನೆ ಈ ವಾದಕ್ಕೆ ನಿಲ್ಲುವುದಿಲ್ಲ.

ಫೌಜಿಗಳ ವಾದಕ್ಕೆ ಬೇರೆಯೇ ಉತ್ತರ ಕೊಡಬೇಕು, ಯಾಕೆಂದರೆ ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಅವರು ಹೇಳುವುದು ಇಷ್ಟು: ಇನ್ಸಾಸ್ 5.56 ಇತ್ತು, ಸೇನೆ ಅದನ್ನು ಬಿಟ್ಟು 7.62ಕ್ಕೆ ಮರಳಿತು, ಅಂದಮೇಲೆ ದಪ್ಪವೇ ದೂರ. 2019ರಲ್ಲಿ ಸೇನೆ 72,400 ಸಿಗ್-716 ರೈಫಲುಗಳಿಗೆ ಆದೇಶ ಕೊಟ್ಟದ್ದು ನಿಜ, ಅವು 7.62. ಆದರೆ 2021ರ ಡಿಸೆಂಬರಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203ಗಳಿಗೆ ಒಪ್ಪಂದವಾಯಿತು, ಅವೂ 7.62. ಮೊದಲನೆಯದರ ಕಾಡತೂಸು 51 ಮಿಲಿಮೀಟರ್ ಉದ್ದ, ಎರಡನೆಯದರದ್ದು 39. ಬೋರಿನ ಅಂಕಿ ಒಂದೇ ಆದರೂ 51ರದ್ದು ಐನೂರು ಆರುನೂರು ಮೀಟರಿನಲ್ಲಿ ಕೆಲಸ ಮಾಡುತ್ತದೆ, 39ರದ್ದು ಮುನ್ನೂರು ದಾಟಿದ ಮೇಲೆ ಬೇಗ ಬೀಳತೊಡಗುತ್ತದೆ. ಬಿಟ್ಟುಕೊಟ್ಟ ಇನ್ಸಾಸಿನ ಸಣ್ಣ ಗುಂಡೇ ನಾನೂರು ಮೀಟರಿನ ಲೆಕ್ಕದ್ದು, ಅಂದರೆ ಆ ದಪ್ಪ 39ಕ್ಕಿಂತ ನೇರವಾಗಿ ಹೋಗುವಂಥದ್ದು. ಸೇನೆ ಬೋರ್ ಹಿಗ್ಗಿಸಿದ್ದು ಮುಖ್ಯವಾಗಿ ತಗುಲಿದ ಮೇಲೆ ಗುಂಡು ಮಾಡುವ ಆಘಾತಕ್ಕಾಗಿ. ಅದು ಯುದ್ಧದ ಅಗತ್ಯ. ಹಲಗೆಗೆ ಅಂಟಿಸಿದ ಕಾಗದದ ಗುರಿಗೆ ಆಘಾತ ಬೇಕಿಲ್ಲ, ತೂತು ಸಾಕು, ತೂತು ಸರಿಯಾದ ಜಾಗದಲ್ಲಿ ಬೀಳಬೇಕು.

ಕಾಗದದ ಗುರಿಗೆ ಹೊಡೆಯುವುದರಲ್ಲೇ ಬದುಕು ಸವೆಸಿದವರು ಏನು ಆರಿಸುತ್ತಾರೆ ನೋಡಿ. ಅಂತರರಾಷ್ಟ್ರೀಯ 300 ಮೀಟರ್ ಪಂದ್ಯದ ನಿಯಮ 8 ಮಿಲಿಮೀಟರ್ ಬೋರಿನ ತನಕ ಅವಕಾಶ ಕೊಡುತ್ತದೆ, ನಮ್ಮ .315ರಷ್ಟೇ ದಪ್ಪ. ಬಾಗಿಲು ತೆರೆದಿದ್ದರೂ ಅಲ್ಲಿನ ಮೇಲ್ಪಂಕ್ತಿಯ ಗುರಿಗಾರರಲ್ಲಿ ಹೆಚ್ಚಿನವರು ಹಿಡಿಯುವುದು 6 ಮಿಲಿಮೀಟರ್. 800, 900, 1000 ಗಜದ ಪಾಲ್ಮಾ ಪಂದ್ಯ ನಡೆಯುವುದು .308ರಲ್ಲಿ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ದೂರದ ಗುರಿಯವರಲ್ಲಿ ಹಬ್ಬಿದ್ದು .308ಕ್ಕಿಂತ ತೆಳ್ಳಗಿದ್ದೂ ವೇಗವನ್ನು ಅದಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ. ಗಾಳಿ ಸೀಳುವ ಗುಣವನ್ನು ಒಂದು ಅಂಕದಲ್ಲಿ ಹೇಳುವ ರೂಢಿಯಿದೆ: .308ರ 168 ಗ್ರೇನಿನ ಹೆಸರಾಂತ ಪಂದ್ಯದ ಗುಂಡಿಗೆ ಸುಮಾರು 0.46, 6.5ರ 140 ಗ್ರೇನಿನ ಗುಂಡಿಗೆ 0.6ಕ್ಕೂ ಮೇಲೆ. ಹಗುರವಾದದ್ದು, ತೆಳ್ಳಗಿನದು ಮುಂದಿದೆ.

ಭುಜದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೊಡ್ಡ ಬೋರಿನ ರೈಫಲ್ ಕೊಂಡು ಇಪ್ಪತ್ತು ಈಡಿನೊಳಗೆ ಗುರಿಯನ್ನೇ ಕೆಡಿಸಿಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಒದೆತ ಬರುತ್ತದೆಂದು ಮೊದಲೇ ಮೈ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಕುದುರೆಯನ್ನು ಒತ್ತುವ ಬದಲು ಎಳೆದುಬಿಡುತ್ತಾರೆ. ಆ ಅಳುಕು ಒಮ್ಮೆ ಮೈಗೆ ಹತ್ತಿದರೆ ಬಿಡಿಸಲು ವರ್ಷ ಹಿಡಿಯುತ್ತದೆ. ನನಗೂ ಹತ್ತಿತ್ತು. ನಾನು ಮತ್ತೆ .22ಕ್ಕೆ ಇಳಿದು, ಖಾಲಿ ನಳಿಗೆಯಲ್ಲಿ ದಿನವೂ ಐವತ್ತು ಸಲ ಕುದುರೆ ಒತ್ತಿ ಅದನ್ನು ಕಳಚಿಕೊಂಡೆ. ಕಾಡತೂಸಿನ ಬೆಲೆಯೂ ಅಷ್ಟೇ ಮುಖ್ಯ. ಒಂದು ದೊಡ್ಡ ಕಾಡತೂಸಿನ ದುಡ್ಡಿಗೆ .22ರಲ್ಲಿ ಹಲವು ಈಡು ಹಾರಿಸಬಹುದು, ಮೇಲಾಗಿ ವರ್ಷಕ್ಕೆ ಇಷ್ಟೇ ಎಂದು ಲೈಸೆನ್ಸಿನಲ್ಲಿ ಮಿತಿ ಇರುತ್ತದೆ. ಎಣಿಸಿ ಎಣಿಸಿ ಹಾರಿಸುವವನಿಗೆ ದೂರದ ಗುರಿ ಎಂದೂ ಒಲಿಯುವುದಿಲ್ಲ.

ಒದೆತ ಗೆದ್ದವನ ಎದುರು ಇನ್ನೊಂದು ಶತ್ರು ನಿಂತಿರುತ್ತದೆ, ನಮ್ಮ ಸೀಮೆಯ ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಹುನಗುಂದದ ಯರಿ ಹೊಲಗಳ ಮೇಲೆ ಅಡ್ಡಿಯಿಲ್ಲದೆ ಬೀಸುತ್ತದೆ, ಮರವಿಲ್ಲ, ದಿಬ್ಬವಿಲ್ಲ. ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ .22ರ ಗುಂಡನ್ನು ನೂರು ಗಜದಲ್ಲೇ ನಾಲ್ಕೈದು ಇಂಚು ಪಕ್ಕಕ್ಕೆ ತಳ್ಳುತ್ತದೆ. ಪಂದ್ಯದ .308 ಗುಂಡು ಅಷ್ಟು ಸರಿಯಬೇಕಾದರೆ ಇನ್ನೂರೈವತ್ತು ಗಜದ ಆಸುಪಾಸು ಹೋಗಬೇಕು. ಅಂದರೆ ನೂರು ಗಜದಲ್ಲಿ .22 ಹಾರಿಸಿ ಗಾಳಿ ಓದಲು ಕಲಿತವನು ದೊಡ್ಡ ದೂರದ ಪಾಠವನ್ನು ಚಿಕ್ಕ ಮೈದಾನದಲ್ಲೇ, ಚಿಕ್ಕ ಖರ್ಚಿನಲ್ಲೇ ಕಲಿಯುತ್ತಾನೆ. ಬೇಸಿಗೆಯಲ್ಲಿ ಕರಿನೆಲದಿಂದೇಳುವ ಬಿಸಿಲ್ಗುದುರೆ ಗುರಿಯನ್ನೇ ಕುಣಿಸುತ್ತದೆ. ಆ ಕುಣಿತ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಿ ಗಾಳಿಯ ದಿಕ್ಕು ಹೇಳುವವರಿದ್ದಾರೆ. ಅದನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ.

ಈ ತಪ್ಪು ನಂಬಿಕೆಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಪಂದ್ಯದ ಸೋಲಲ್ಲ. ಬೆಳೆರಕ್ಷಣೆಗೆಂದು ಲೈಸೆನ್ಸು ಪಡೆದವರು ಕೂಡ ದೂರ, ದೂರ ಎನ್ನತೊಡಗಿದ್ದಾರೆ. ಹೊಲದಲ್ಲಿ ದೂರ ಯಾಕೆ ಬೇಕು? ರೈಫಲಿನ ಗುಂಡು ಗುರಿ ತಪ್ಪಿದರೆ ಅಲ್ಲೇ ನಿಲ್ಲುವುದಿಲ್ಲ. ಪುಟ್ಟ .22 ಕೂಡ ಒಂದೂವರೆ ಕಿಲೋಮೀಟರ್ ಹಾರಬಲ್ಲದು, .30-06 ಅದರ ಎರಡು ಪಟ್ಟಿಗೂ ಹೆಚ್ಚು. ಚಪ್ಪಟೆಯಾದ ಯರಿ ನೆಲದಲ್ಲಿ ಅದನ್ನು ತಡೆಯುವ ಒಡ್ಡಿಲ್ಲ. ಆಚೆ ಹೊಲದಲ್ಲಿ ಕಡಲೆ ಕೀಳುತ್ತಿರುವವರು ಬೆಳೆಯ ಮರೆಯಲ್ಲಿ ಕಾಣುವುದಿಲ್ಲ. ಬಾದಾಮಿಯ ಕಡೆ ಹೋದರೆ ಅಪಾಯ ಇನ್ನೊಂದು ಬಗೆಯದು. ಅಲ್ಲಿನ ಮರಳುಗಲ್ಲಿನ ಕಡಿದಾದ ಗೋಡೆಗೆ ಬಡಿದ ಗುಂಡು ಯಾವ ಕಡೆ ಸಿಡಿಯುತ್ತದೆಂದು ದೇವರಿಗೂ ಹೇಳಲಾಗದು, ಆ ಬಂಡೆಗಳ ಮೇಲೆ ಬಂಡೆ ಹತ್ತುವವರಿದ್ದಾರೆ, ಕೆಳಗೆ ಕುರಿ ಕಾಯುವವರಿದ್ದಾರೆ. ಮುಧೋಳ-ಬೀಳಗಿ ಕಡೆ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ಧಾಮವಿದೆ. ಮುನ್ನೂರು ಗಜದಲ್ಲಿ ಮುಸ್ಸಂಜೆಯ ಮಸಕಿನಲ್ಲಿ ಕಂಡದ್ದು ಹಂದಿಯೋ ಚಿಂಕಾರವೋ ಎಂದು ಹೇಳಬಲ್ಲ ಕಣ್ಣು ಯಾರಿಗಿದೆ? ದೂರದ ಗುರಿಗೆ ಇರುವ ಜಾಗ ಒಂದೇ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ, ಕೆಂಪು ಬಾವುಟ ಹಾರುವ, ಒಬ್ಬ ಹಿರಿಯನ ಅಪ್ಪಣೆ ನಡೆಯುವ ಫೈರಿಂಗ್ ರೇಂಜ್.

ಅದಕ್ಕಾಗಿ ಆ ಹುಡುಗನಿಗೆ ನಾನು ಹೇಳಿದ್ದು ಬೇರೆ. ಈಗ .22 ತಗೋ, ನೂರು ಗಜದಲ್ಲಿ ಒಂದು ವರ್ಷ ಹಾರಿಸು, ಪ್ರತಿ ಈಡನ್ನೂ ಬರೆದಿಡು. ಗಾಳಿ ಓದಲು ಬಂದಮೇಲೆ ಮುನ್ನೂರು ಗಜಕ್ಕೆ .30-06 ನೋಡು, ಅದೂ ಚೂಪುಮೂತಿಯ ಗುಂಡು ಸಿಗುವುದಾದರೆ ಮಾತ್ರ. ನಿನ್ನ ನಳಿಗೆಯ ಸುರುಳಿಗೆ ಯಾವ ತೂಕದ ಗುಂಡು ಒಗ್ಗುತ್ತದೆಂದು ಹಾರಿಸಿಯೇ ತಿಳಿದುಕೋ, ಅಂಗಡಿಯವರ ಮಾತಿನ ಮೇಲೆ ಹೋಗಬೇಡ. .315 ಮನೆಯಲ್ಲಿದ್ದರೆ ಇರಲಿ, ಅಜ್ಜನ ನೆನಪು, ಅದರ ಕೆಲಸ ಹತ್ತಿರದ್ದು. ಸಾಲಿನಲ್ಲಿದ್ದವರಿಗೆ ಇದು ರುಚಿಸಲಿಲ್ಲ. ಒಬ್ಬರಂತೂ “.22 ಅಂದ್ರ ಹುಡುಗರ ಆಟಗಿ” ಎಂದು ಮುಖ ತಿರುವಿದರು.

ಮೂರು ತಿಂಗಳ ಮೇಲೆ ಆ ಹುಡುಗ ಫೋನು ಮಾಡಿದ. “ಕಾಕಾ, ಒಂದು ಮಾತು ಕೇಳ್ಬೇಕಿತ್ತು” ಎಂದು ತನ್ನ ನೋಟುಪುಸ್ತಕದ ಹಾಳೆಯ ಫೋಟೊ ಕಳಿಸಿದ. ಶಾಲೆಯ ಲೆಕ್ಕದ ಪುಸ್ತಕ, ಚೌಕುಳಿ ಹಾಳೆ. ಒಂದೊಂದು ಚೌಕದಲ್ಲಿ ಒಂದೊಂದು ಈಡು, ಪಕ್ಕದಲ್ಲಿ ಪೆನ್ಸಿಲಿನ ಬರಹ: “ಪಡುವಣ ಗಾಳಿ, ಬಾವುಟ ಅರ್ಧ ಎದ್ದಿತ್ತು, ಮೂರು ಬೆರಳು ಬಲಕ್ಕೆ.” ಕೆಳಗಿನ ಸಾಲಿನಲ್ಲಿ, “ಗಾಳಿ ನಿಂತಿತು ಅಂದ್ಕೊಂಡೆ, ನಿಂತಿರಲಿಲ್ಲ, ಒಂದು ಬೆರಳು.” ಅವನ ಪ್ರಶ್ನೆ ಇದ್ದದ್ದು ಆ ಒಂದು ಬೆರಳಿನ ಬಗ್ಗೆ.